ಆಲೆಮನೆಯ ಒಲೆ ಆರದಂತೆ ನೋಡಿಕೊಂಡವರಿಗೆ

ಈ ತಿಂಗಳು ನಮ್ಮ ಬೆಲ್ಲದ ಘಟಕದ ಸಹಾಯಧನ ಸಾಲದ ಖಾತೆಗೆ ಜಮೆಯಾಯಿತು. ಪಿಎಂಎಫ್‌ಎಂಇ ಯೋಜನೆಯಲ್ಲಿ (ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಯೋಜನೆ) ಈ ಹಣ ಮೊದಲ ದಿನವೇ ಕೈಗೆ ಬರುವುದಿಲ್ಲ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ತುಂಬಬೇಕು, ಘಟಕ ನಡೆಯುತ್ತಿರಬೇಕು, ಮರುಪಾವತಿ ತಪ್ಪಿ ಖಾತೆ ಕೆಟ್ಟಿರಬಾರದು. ಅಲ್ಲಿಯವರೆಗೆ ಅದು ಬ್ಯಾಂಕಿನಲ್ಲೇ ಬೇರೆಯಾಗಿ ಕೂತಿರುತ್ತದೆ. ಮಂಡ್ಯ ಸೀಮೆಯ ಒಂದು ಸಣ್ಣ ಆಲೆಮನೆ ಆ ಮೂರು ವರ್ಷ ದಾಟಿತು ಅಂದರೆ ಅದಕ್ಕೆ ಹೆಗಲು ಕೊಟ್ಟವರು ಬಹಳ ಜನ.

ಮೊದಲ ನಮಸ್ಕಾರ ಈ ಯೋಜನೆಯ ಅರ್ಜಿದಾರರಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ. ಲೆಕ್ಕವನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದರು: ₹20 ಲಕ್ಷದ ಯೋಜನೆಯಾದರೆ ನಮ್ಮ ಕೈಯಿಂದ ಕನಿಷ್ಠ ಶೇ. 10, ಅಂದರೆ ₹2 ಲಕ್ಷ. ಉಳಿದ ₹18 ಲಕ್ಷ ಸಾಲ. ಕೇಂದ್ರದ ಶೇ. 35ಕ್ಕೆ ಕರ್ನಾಟಕ ಸರ್ಕಾರ ಶೇ. 15 ಸೇರಿಸುವುದರಿಂದ ಸಹಾಯಧನ ₹10 ಲಕ್ಷ. ಗರಿಷ್ಠ ಮಿತಿ ₹15 ಲಕ್ಷ. ನಾವು ಬರೆದಿದ್ದ ಜಾಗದ ಬೆಲೆಯನ್ನು ಯೋಜನಾ ವರದಿಯಿಂದ ತೆಗೆಸಿದ್ದೂ ಅವರೇ, ಅದು ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಡದ ಕೆಲಸ ಯೋಜನಾ ವೆಚ್ಚದ ಶೇ. 30 ಮೀರಬಾರದು ಅಂತ ಶೆಡ್ಡನ್ನೂ ಚಿಕ್ಕದು ಮಾಡಿಸಿದರು. ಒಂದು ರೂಪಾಯಿ ಕೇಳಲಿಲ್ಲ. ಮಂಜೂರಾದ ಪ್ರತಿ ಸಾಲಕ್ಕೆ ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಕೂಡ ಪೂರ್ತಿ ಉಚಿತ. ಹೀಗಿದ್ದೂ ಇವಕ್ಕೆ ದುಡ್ಡು ಕೇಳುವವರು ಊರೂರಲ್ಲಿದ್ದಾರೆ, ದಯವಿಟ್ಟು ಕೊಡಬೇಡಿ.

ಬ್ಯಾಂಕಿನ ಮ್ಯಾನೇಜರ್ ಸಾಹೇಬರಿಗೆ ನಾವು ತುಂಬಾ ಋಣಿ. ಯಂತ್ರದ ಸಾಲದಿಂದ ಕಬ್ಬು ಕೊಳ್ಳಲಾಗದು ಎಂದು ಮೊದಲೇ ಎಚ್ಚರಿಸಿ, ದುಡಿಯುವ ಬಂಡವಾಳಕ್ಕೆ ಬೇರೆ ಮಿತಿ ಮಾಡಿಸಿಕೊಟ್ಟರು. ದಿನಕ್ಕೆ 5 ಟನ್ ಅರೆದರೆ, ಟನ್ನಿಗೆ ₹3,000 ಎಂದು ಹಿಡಿದರೂ ರೈತನಿಗೆ ದಿನಕ್ಕೆ ₹15,000 ಕೊಡಬೇಕು. ಬೆಲ್ಲದ ಹಣ ವಾಪಸಾಗಲು 20 ದಿನ ಹಿಡಿದರೆ ₹3 ಲಕ್ಷ ಹೊರಗೇ ಇರುತ್ತದೆ. ಹೊಸ ಘಟಕಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಗಾಣ ಹೊಸದಾಗಿರುತ್ತದೆ, ಕಬ್ಬಿಗೆ ಕಾಸಿರುವುದಿಲ್ಲ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳಿಂದ ಕಲಿತದ್ದಕ್ಕೆ ಬೆಲೆ ಕಟ್ಟಲಾರೆವು. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯಬೇಕು. ತಡವಾದಷ್ಟೂ ಕಬ್ಬಿನ ಹಾಲಿನಲ್ಲಿರುವ ಸುಕ್ರೋಸ್ (ಸಕ್ಕರೆ ಅಂಶ) ಒಡೆಯುತ್ತದೆ, ಆಮೇಲೆ ಎಷ್ಟು ಕಾಯಿಸಿದರೂ ಬೆಲ್ಲ ಗಟ್ಟಿ ಕೂರುವುದಿಲ್ಲ. ಅದನ್ನು ಮುಚ್ಚಲು ಕೆಲವರು ಸಕ್ಕರೆ ಸುರಿಯುತ್ತಾರೆ, ಬಣ್ಣಕ್ಕೆ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುತ್ತಾರೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ) ದಾಟುವಂತಿಲ್ಲ. ಕಣ್ಣಳತೆಯಲ್ಲಿ ಹೈಡ್ರೋಸ್ ಹಾಕುವಲ್ಲಿ ಈ ಮಿತಿ ಉಳಿಯುವ ಭರವಸೆಯೇ ಇಲ್ಲ. ಸುಣ್ಣದ ತಿಳಿ ಹದವಾಗಿ ಹಾಕಿ, ಜಜ್ಜಿದ ಬೆಂಡೆ ಗಿಡದ ಲೋಳೆ ಬೆರೆಸಿದರೆ ಕೊಳೆ ತಾನಾಗಿ ಮೇಲೆ ಬರುತ್ತದೆ. ಕುದಿ ಹತ್ತುವ ಮೊದಲೇ ಅದನ್ನು ತೆಗೆಯಬೇಕು, ಕುದಿ ಬಂದರೆ ಮತ್ತೆ ಒಳಗೇ ಬೆರೆತುಹೋಗುತ್ತದೆ. ಅಚ್ಚು ಬೆಲ್ಲಕ್ಕೆ ಪಾಕ ಇಳಿಸುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ, ಪುಡಿ ಬೆಲ್ಲಕ್ಕೆ 120ರಿಂದ 122ಕ್ಕೆ, ಜೋನಿ ಬೆಲ್ಲಕ್ಕೆ 105ರ ಆಸುಪಾಸಿಗೆ.

ಥರ್ಮಾಮೀಟರ್ ಬಂದಮೇಲೂ ಕೊನೆಯ ಮಾತು ನಮ್ಮ ಪಾಕದ ಅಣ್ಣಂದಿರದೇ. ತಣ್ಣೀರಿಗೆ ಬಿಟ್ಟ ಪಾಕ ಬೆರಳಲ್ಲಿ ಉಂಡೆ ಕಟ್ಟುವುದನ್ನು ನೋಡಿಯೇ ಅವರು ಕೊಪ್ಪರಿಗೆ ಇಳಿಸುತ್ತಾರೆ. ಒಲೆಗೆ ಹಸಿ ರಚ್ಚು (ಅರೆದು ಉಳಿದ ಕಬ್ಬಿನ ಸಿಪ್ಪೆ) ಹಾಕಬೇಡಿ ಎಂದು ಹಟ ಹಿಡಿದವರೂ ಅವರೇ. ಉರಿ ಕುಗ್ಗಿದರೆ ಪಾಕ ಕಾಯಿಸುವುದು ಹೆಚ್ಚು ಹೊತ್ತು ಎಳೆಯುತ್ತದೆ, ಬೆಲ್ಲ ಕಪ್ಪಾಗುತ್ತದೆ.

ಪುಡಿ ಬೆಲ್ಲ ಕಟ್ಟುವ ಸ್ವಸಹಾಯ ಸಂಘದ ಅಕ್ಕಂದಿರೇ, ನಿಮಗೆ ಕೈಮುಗಿಯುತ್ತೇವೆ. ಇದೇ ಯೋಜನೆಯಿಂದ ಸದಸ್ಯೆಯೊಬ್ಬರಿಗೆ ₹40,000ರಂತೆ ಬಂದ ಬೀಜಧನ (ಆರಂಭದ ಬಂಡವಾಳ) ಸಂಘಕ್ಕೆ ಮರಳಬೇಕಾದ ಸಾಲ ಎಂಬುದನ್ನು ಮರೆಯದೆ ಒಂದು ಕಂತೂ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಹೀರಿ ಒಸರುತ್ತದೆ ಅಂತ, ಪುಡಿ ಪೂರ್ತಿ ಆರಿದ ಮೇಲೇ ಜರಡಿ ಹಿಡಿದು ಅವತ್ತೇ ಪೊಟ್ಟಣ ಕಟ್ಟಿದಿರಿ.

ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ, ಮೊದಲೇ ತೂಗಿ ಲೇಬಲ್ ಹಚ್ಚಿದ ಪೊಟ್ಟಣಕ್ಕೆ ಶೇ. 5 ಇದೆ. ಈ ವ್ಯತ್ಯಾಸವನ್ನು ದರ ಬರೆಯುವ ಮೊದಲೇ ತಿಳಿಸಿದ ಲೆಕ್ಕಪರಿಶೋಧಕರಿಗೂ, ಅರ್ಜಿಯ ದಾರಿ ತೋರಿಸಿದ, ರಾಜ್ಯದಲ್ಲಿ ಈ ಯೋಜನೆ ನೋಡಿಕೊಳ್ಳುವ ಸರ್ಕಾರಿ ನಿಗಮ ಕೆಪೆಕ್‌ನ ಸಿಬ್ಬಂದಿಗೂ ವಂದನೆ. ಹೊಂಬಣ್ಣದ ಬೆಲ್ಲ ಪಕ್ಕದಲ್ಲೇ ಕಡಿಮೆ ಬೆಲೆಗೆ ಸಿಗುತ್ತಿದ್ದರೂ ನಮ್ಮ ಕಂದು ಬೆಲ್ಲವನ್ನೇ ಕೇಳಿ ಒಯ್ದ ಗಿರಾಕಿಗಳಿಗೆ, ಮಾತಿಗೆ ತಪ್ಪದೆ ಬೆಳಿಗ್ಗೆಯೇ ಕಬ್ಬು ತಂದು ಇಳಿಸಿದ ರೈತರಿಗೆ ಎಷ್ಟು ಹೇಳಿದರೂ ಕಡಿಮೆ.

ಹೊಸದಾಗಿ ಅರ್ಜಿ ಹಾಕುವವರು ನಮ್ಮ ಯೋಜನಾ ವರದಿ, ಯಂತ್ರದ ದರಪಟ್ಟಿ, ವಾಪಸಾದ ಮೊದಲ ಅರ್ಜಿ, ಮೂರನ್ನೂ ಬಂದು ನೋಡಬಹುದು. ಗಾಣ ತಿರುಗುವಾಗ ಬನ್ನಿ, ಬಿಸಿ ಬೆಲ್ಲವೂ ಸಿಗುತ್ತದೆ.