ತೆಗೆದ ಪ್ಲಗ್ ಕಾರಿನ ಒಡೆಯರ ಕೈ ಸೇರಲಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲಿರುವುದು 2004ರ ಮರ್ಸಿಡಿಸ್ ಬೆಂಜ್ ಇ240. ನಮ್ಮ ಯಜಮಾನರು 2012ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಆಗ ಅದು 61,000 ಕಿ.ಮೀ. ಓಡಿತ್ತು. 2019ರಲ್ಲಿ 15 ವರ್ಷ ತುಂಬಿದಾಗ ಹಸಿರು ತೆರಿಗೆ ಕಟ್ಟಿ ನೋಂದಣಿ ನವೀಕರಿಸಿದೆವು. 2021ರಲ್ಲಿ ಅವರು ತೀರಿಕೊಂಡರು. ಅಂದಿನಿಂದ ಕಾರನ್ನು ನಾನೇ ಓಡಿಸುತ್ತೇನೆ, ರಿಪೇರಿಗೂ ನಾನೇ ಒಯ್ಯುತ್ತೇನೆ. ಈ ಪತ್ರಕ್ಕೆ ಕಾರಣ ನಾಲ್ಕು ಸ್ಪಾರ್ಕ್ ಪ್ಲಗ್‌ಗಳು, ಅಂದರೆ ಎಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಭಾಗಗಳು.

ಈ ಕಾರಿನ ಹೆಸರಿನಲ್ಲಿ 240 ಎಂದಿದ್ದರೂ ಎಂಜಿನ್ 2,597 ಸಿಸಿಯದು. ವಿ ಆಕಾರದಲ್ಲಿ ಬಲಕ್ಕೆ ಮೂರು, ಎಡಕ್ಕೆ ಮೂರು, ಒಟ್ಟು ಆರು ಸಿಲಿಂಡರ್, ಅಂದರೆ ಪೆಟ್ರೋಲ್ ಉರಿಯುವ ಕೊಳವೆಗಳು. ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್. ಹಾಗಾಗಿ ಪ್ಲಗ್ ಬದಲಾಯಿಸುವುದೆಂದರೆ ಹನ್ನೆರಡನ್ನೂ ಬದಲಾಯಿಸಬೇಕು. ಮುಂದಿನವು ಸುಲಭವಾಗಿ ಕೈಗೆ ಸಿಗುತ್ತವೆ. ಹಿಂದಿನ ಎರಡು ಸಿಲಿಂಡರುಗಳ ನಾಲ್ಕು ಪ್ಲಗ್‌ಗಳು ಮಾತ್ರ ಎಂಜಿನ್ ಕೋಣೆಯ ಹಿಂಗೋಡೆಗೆ ಒತ್ತಿಕೊಂಡಿವೆ. ಅಲ್ಲಿ ಕೈ ತೂರಿಸಿದರೆ ಮೊಣಕೈ ತರಚದೆ ಹೊರಗೆ ಬರುವುದಿಲ್ಲ.

ಯಜಮಾನರು ಕಾರು ತಂದ ವರ್ಷವೇ, 64,000 ಕಿ.ಮೀ. ಆದಾಗ, ಈ ಕೆಲಸವನ್ನು ಮನೆಯಂಗಳದಲ್ಲಿ ತಾವೇ ಮಾಡಿದರು. ಹಿಂದಿನ ದಿನ ಓಡಿಸಿದ ಕಾರನ್ನು ರಾತ್ರಿಯಿಡೀ ಆರಲು ಬಿಟ್ಟು ಬೆಳಿಗ್ಗೆ ಶುರುಮಾಡಿದರು. ಎಂಜಿನ್ನಿನ ತಲೆ ಅಲ್ಯೂಮಿನಿಯಂನದು, ಪ್ಲಗ್ಗಿನ ಮೈ ಉಕ್ಕಿನದು. ಬಿಸಿಯಿದ್ದಾಗ ತಿರುಗಿಸಿದರೆ ತಲೆಯ ಥ್ರೆಡ್ಡೇ ಕಿತ್ತು ಬರುವ ಅಪಾಯವಿದೆ. ಮೊದಲು ಪ್ಲಗ್ಗಿನ ಸುತ್ತಲಿನ ಧೂಳನ್ನು ಗಾಳಿಯಿಂದ ಊದಿದರು. ವೈರನ್ನು ಹಿಡಿದು ಎಳೆಯದೆ, ಅದರ ಟೋಪಿಯ ಬುಡಕ್ಕೆ 17ನೇ ನಂಬರ್ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ಮೀಟಿ ಬಿಡಿಸಿದರು. ಬಿಚ್ಚಿದ ಪ್ಲಗ್‌ಗಳನ್ನು ಇಡಲು ಒಳಗಿನಿಂದ ನಮ್ಮ ಅತ್ತೆಯವರ ಅಳಗುಳಿಮಣೆ ತರಿಸಿಕೊಂಡರು. ಬಲಗಡೆಯ ಆರು ಪ್ಲಗ್ ಒಂದು ಸಾಲಿಗೆ, ಎಡಗಡೆಯ ಆರು ಇನ್ನೊಂದು ಸಾಲಿಗೆ. ಸಾಲಿಗೆ ಏಳು ಗುಳಿಗಳಿರುವುದರಿಂದ ಉಳಿದ ಒಂದೊಂದರಲ್ಲಿ ಬೋಲ್ಟುಗಳು ಕೂತವು.

ಹೀಗೆ ಕ್ರಮವಾಗಿ ಜೋಡಿಸಿದ್ದಕ್ಕೆ ಕಾರಣವಿತ್ತು. ಪ್ಲಗ್ಗಿನ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ ಎಂದರ್ಥ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಎಣ್ಣೆಯ ಪಸೆಯಿದ್ದರೆ, ಎಣ್ಣೆ ಸಿಲಿಂಡರಿನೊಳಗೆ ಬಾರದಂತೆ ತಡೆಯುವ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬಿಳಿಚಿ ಗುಳ್ಳೆಯೆದ್ದಿದ್ದರೆ ಆ ಸಿಲಿಂಡರ್ ಅತಿಯಾಗಿ ಕಾದಿದೆ. ಯಾವ ಪ್ಲಗ್ ಯಾವ ಸಿಲಿಂಡರಿನದು ಎಂಬುದು ಕಲಸಿಹೋದರೆ ಇದನ್ನು ಓದುವುದು ಸಾಧ್ಯವಿಲ್ಲ. ನಾನು ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ನೋಡಿದವಳು. ಆ ಮಣೆಯ ಮುಂದೆ ಕೂತು ಪ್ಲಗ್‌ಗಳನ್ನು ಒಂದೊಂದಾಗಿ ನೋಡಿದಾಗ, ಹನ್ನೆರಡು ಖಾತೆಗಳ ವಹಿವಾಟನ್ನು ತೆರೆದು ನೋಡಿದಂತೆಯೇ ಅನ್ನಿಸಿತ್ತು.

2024ರ ಫೆಬ್ರುವರಿಯಲ್ಲಿ, 1,58,000 ಕಿ.ಮೀ. ಆದಾಗ ನಮ್ಮ ಊರಿನ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಲು ಹೇಳಿದೆ. ಪ್ಲಗ್ಗಿಗೆ 650 ರೂಪಾಯಿಯಂತೆ 7,800, ಕೂಲಿ 3,600 ರೂಪಾಯಿ ಬಿಲ್ ಕೊಟ್ಟರು. ಹಳೆಯ ಪ್ಲಗ್ ಕೇಳಿದೆ. “ಗುಜರಿಗೆ ಹಾಕಿಬಿಟ್ಟೆವಮ್ಮಾ, ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ?” ಎಂದರು. ಕಾರು ನಯವಾಗಿ ಓಡುತ್ತಿತ್ತು. ಹಣ ಕೊಟ್ಟು ಬಂದೆ.

ಅದೇ ವರ್ಷ ನವೆಂಬರಿನಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಮಿಸ್ಸಿಂಗ್ ಹೊಡೆಯತೊಡಗಿತು. ಸಮತಟ್ಟಾದ ರಸ್ತೆಯಲ್ಲಿ ಗೊತ್ತಾಗದೆ ಏರಿನಲ್ಲೇ ಗೊತ್ತಾದದ್ದೇಕೆಂದರೆ, ಭಾರ ಬಿದ್ದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್ ಅಲ್ಲಿ ಸೋಲುತ್ತದೆ. ಎಂಜಿನ್ ದೀಪ ಹತ್ತಿತು. ಸ್ಕ್ಯಾನರಿನಲ್ಲಿ ಬಂದ ಸಂಕೇತ ಪಿ0303, ಎಂದರೆ ಮಿಸ್ಸಿಂಗ್ ಇರುವುದು ಮೂರನೆಯ ಸಿಲಿಂಡರಿನಲ್ಲಿ. ಬಲಗಡೆಯ ಸಾಲಿನ ಕಟ್ಟಕಡೆಯದು.

ಈ ಸಲ ಬನ್ನಿಮಂಟಪದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅಳಗುಳಿಮಣೆಯನ್ನೂ ಜೊತೆಗೆ ಒಯ್ದಿದ್ದೆ. ಅವರು ಅದನ್ನು ಕಂಡು ನಗಲಿಲ್ಲ, ಒರೆಸಿ ಪಕ್ಕದಲ್ಲಿಟ್ಟುಕೊಂಡರು. ಮುಂದಿನ ನಾಲ್ಕು ಸಿಲಿಂಡರುಗಳಿಂದ ಬಂದ ಎಂಟೂ ಬಾಷ್ ಕಂಪನಿಯ ಹೊಸ ಪ್ಲಗ್‌ಗಳು. ಹಿಂದಿನ ಎರಡು, ಅಂದರೆ ಮೂರನೆಯ ಮತ್ತು ಆರನೆಯ ಸಿಲಿಂಡರಿನಿಂದ ಬಂದ ನಾಲ್ಕು ಎನ್‌ಜಿಕೆ ಕಂಪನಿಯವು. ಅವು 2012ರಲ್ಲಿ ಯಜಮಾನರು ತಮ್ಮ ಕೈಯಾರೆ ಹಾಕಿದವು! ಅಷ್ಟರಲ್ಲಿ ಅವು ಬರೋಬ್ಬರಿ ಒಂದು ಲಕ್ಷ ಕಿ.ಮೀ. ಓಡಿದ್ದವು. 1 ಮಿ.ಮೀ. ಆಸುಪಾಸಿನಲ್ಲಿರಬೇಕಾದ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 1.4ಕ್ಕೆ ಹೋಗಿತ್ತು. ಒಂದರ ಪಿಂಗಾಣಿಯಲ್ಲಿ ಕೂದಲೆಳೆಯಂಥ ಸೀಳು ಬಿಟ್ಟಿತ್ತು.

ಎಂಟು ತಿಂಗಳು ಇದು ನನಗೇಕೆ ತಿಳಿಯಲಿಲ್ಲ? ಒಂದೇ ಸಿಲಿಂಡರಿನಲ್ಲಿ ಎರಡು ಪ್ಲಗ್ ಇರುವುದರಿಂದ ಒಂದು ಸೋತರೂ ಇನ್ನೊಂದು ಕೆಲಸವನ್ನು ಹೇಗೋ ಸಾಗಿಸುತ್ತದೆ. ಎರಡೂ ಸೋಲುವವರೆಗೆ ಓಡಿಸುವವರಿಗೆ ಸುಳಿವು ಸಿಗುವುದು ಕಷ್ಟ. ಈ ಎಂಜಿನ್ನಿನ ಒಳ್ಳೆಯ ಗುಣವೇ ಅರೆಬರೆ ಕೆಲಸವನ್ನು ಮುಚ್ಚಿಹಾಕುತ್ತದೆ. ನಷ್ಟವೂ ನಾಲ್ಕು ಪ್ಲಗ್ಗಿನ 2,600 ರೂಪಾಯಿಗೆ ನಿಲ್ಲುವುದಿಲ್ಲ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕೊಳವೆಯಲ್ಲಿ ಹೊಗೆಯ ವಿಷಾನಿಲ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಸುಟ್ಟುಹೋದರೆ ಅದರ ಬೆಲೆಯ ಮುಂದೆ ಪ್ಲಗ್ಗಿನ ಬೆಲೆ ಏನೇನೂ ಅಲ್ಲ. ಹಳೆಯ ಕಾರು ಹೊಗೆಯುಗುಳುತ್ತದೆ ಎಂದು ಬೈಯುವವರು ಈ ಕಾರಣವನ್ನೂ ಗಮನಿಸಬೇಕು.

ಪ್ಲಗ್ ಆರಿಸುವ ವಿಷಯದಲ್ಲೂ ಒಂದು ಮಾತು ಹೇಳಬೇಕು. ಈ ಎಂಜಿನ್ನಿಗೆ ಬಾಷ್‌ನಲ್ಲಿ ಎಫ್8ಡಿಪಿಇಆರ್, ಎನ್‌ಜಿಕೆಯಲ್ಲಿ ಪಿಎಫ್‌ಆರ್5ಆರ್-11 ಹೊಂದುತ್ತದೆ. ಎರಡೂ ಪ್ಲಾಟಿನಂ ತುದಿಯವು. ಇಲ್ಲಿರುವ 8 ಮತ್ತು 5 ಶಾಖದ ಅಂಕಿಗಳು, ಅಂದರೆ ಓಡುವಾಗ ಪ್ಲಗ್ಗಿನ ತುದಿ ಎಷ್ಟು ಕಾಯುತ್ತದೆ ಎಂಬುದರ ಗುರುತು, ಮತ್ತು ಎರಡೂ ಸರಿಸುಮಾರು ಒಂದೇ ಶಾಖವನ್ನು ಹೇಳುತ್ತವೆ. ಬಾಷ್‌ನಲ್ಲಿ ಅಂಕಿ ಏರಿದಂತೆ ಪ್ಲಗ್ ಹೆಚ್ಚು ಬಿಸಿಯದು, ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ತಣ್ಣನೆಯದು. ಇದು ತಿಳಿಯದ ಅಂಗಡಿಯವರೊಬ್ಬರು “ಅದೂ 8, ಇದೂ 8” ಎಂದು ನನಗೆ ಎನ್‌ಜಿಕೆಯ 8ನೇ ಅಂಕಿಯ ಪ್ಲಗ್ ಕೊಡಲು ಬಂದರು. ಅದನ್ನು ಹಾಕಿದ್ದರೆ ತುದಿ ಸಾಕಷ್ಟು ಕಾಯದೆ ಮಸಿ ಹಿಡಿಯುತ್ತಿತ್ತು. ಇನ್ನೊಬ್ಬರು ನಾಲ್ಕು ತುದಿಗಳ ದುಬಾರಿ ಪ್ಲಗ್ ಹೊಗಳಿದರು. ಬೆಂಜ್ ಎಂದ ಕೂಡಲೇ ದುಬಾರಿಯದೇ ಬೇಕೆಂದು ಭಾವಿಸುವುದು ಸರಿಯಲ್ಲ. ಕೈಪಿಡಿಯಲ್ಲಿರುವ ನಂಬರಿಗೆ ಹೊಂದುವ ಪ್ಲಗ್ ಸಾಕು.

ಹಳೆಯ ಅಭ್ಯಾಸಗಳೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಮಾವನವರು ಪದ್ಮಿನಿ ಕಾರಿನ ನಾಲ್ಕು ಮೈಕೋ ಪ್ಲಗ್‌ಗಳನ್ನು ಬಿಚ್ಚಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಫೀಲರ್ ಗೇಜ್ ಇಟ್ಟು ಗ್ಯಾಪ್ ಸರಿಮಾಡಿ ಮತ್ತೆ ಹಾಕುತ್ತಿದ್ದರು. ಬೆಂಗಳೂರಿನ ಆಡುಗೋಡಿಯ ಆ ಪ್ಲಗ್‌ಗಳು ಅದನ್ನು ತಾಳಿಕೊಳ್ಳುತ್ತಿದ್ದವು. ಪ್ಲಾಟಿನಂನ ತೆಳು ತುದಿಯನ್ನು ಹಾಗೆ ಉಜ್ಜಿದರೆ ಹಾಳಾಗುತ್ತದೆ. ಬಿಗಿಯುವುದೂ ಕೈ ಅಂದಾಜಿನ ಕೆಲಸವಲ್ಲ. ಹಿರಿಯ ಮೆಕ್ಯಾನಿಕ್ ಹನ್ನೆರಡನ್ನೂ ಮೊದಲು ಬರಿಗೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ 28 ನ್ಯೂಟನ್ ಮೀಟರಿಗೆ ಬಿಗಿದರು. ಹಿಂದಿನ ನಾಲ್ಕಕ್ಕೇ ಅವರಿಗೆ ಒಂದೂವರೆ ಗಂಟೆ ಹಿಡಿಯಿತು. ಆ ಶ್ರಮಕ್ಕೆ ಹೆಚ್ಚು ಕೂಲಿ ಕೇಳಿದ್ದರೂ ಸಂತೋಷದಿಂದ ಕೊಡುತ್ತಿದ್ದೆ. ಮೊದಲ ಗ್ಯಾರೇಜಿನವರು “ಹಿಂದಿನವು ಕಷ್ಟ, ಇಷ್ಟು ಹೆಚ್ಚಾಗುತ್ತದೆ” ಎಂದು ನೇರವಾಗಿ ಹೇಳಿದ್ದರೂ ಒಪ್ಪುತ್ತಿದ್ದೆ.

ಆ ನಾಲ್ಕು ಹಳೆಯ ಪ್ಲಗ್‌ಗಳನ್ನು ಮೊದಲ ಗ್ಯಾರೇಜಿನ ಮಾಲೀಕರ ಮೇಜಿನ ಮೇಲಿಟ್ಟೆ. ಅವರು ಬಿಲ್ ನೋಡಿ, ಹುಡುಗರನ್ನು ಕರೆದು ಕೇಳಿ, ಹಣ ಹಿಂದಿರುಗಿಸಿದರು. ಹೆಸರು ಹೇಳಿ ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾನು ಕೇಳುವುದು ಇಷ್ಟೇ: ಪ್ಲಗ್ ಬದಲಾಯಿಸಿದ ಯಾವ ಗ್ಯಾರೇಜೇ ಆಗಲಿ, ಹಾಕಿದ ಪ್ಲಗ್ಗಿನ ಪೂರ್ತಿ ನಂಬರನ್ನು ಬಿಲ್ಲಿನಲ್ಲಿ ಬರೆಯಲಿ. ತೆಗೆದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಜೋಡಿಸಿ ಒಡೆಯರಿಗೆ ತೋರಿಸಿ ಕೊಡಲಿ. ಅದಕ್ಕೆ ಅಳಗುಳಿಮಣೆಯೇ ಆಗಬೇಕಿಲ್ಲ, ಮೊಟ್ಟೆಯ ಟ್ರೇ ಸಾಕು. ಕಾರಿನ ಒಡೆಯರೂ, ಮುಖ್ಯವಾಗಿ ನನ್ನಂತೆ ಒಬ್ಬರೇ ಹೋಗುವ ಹೆಂಗಸರು, ಕಾರು ಬಿಡುವ ಮೊದಲೇ ಇದನ್ನು ಕೇಳಿ ಒಪ್ಪಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ ಪ್ಲಗ್ ಗುಜರಿ ಸೇರಿರುತ್ತದೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು