ಎದೆನೋವು ಅಂದ್ರೆ ಗ್ಯಾಸು ಅನ್ಕಂಡು ಕೂರಬೇಡ್ರಿ
ನಿನ್ನೆ ರಾತ್ರಿ ಪಿ.ಜೆ. ಬಡಾವಣೆ ಮಾವಂಗೆ ಎದೆ ಹಿಡ್ಕಂಡಂಗಾಯ್ತು, ಬೆಣ್ಣೆದೋಸೆ ಜಾಸ್ತಿ ಆತು ಅಂತ ಸೋಡಾ ಕುಡ್ಕಂಡು ಕೂತಿದ್ರು, ನೋಡಿದ್ರೆ ಬನೀನು ಪೂರ್ತಿ ಬೆವ್ತು ಒದ್ದೆ, ಎಡಗೈ ಜೋಮು, ಆಮೇಲೆ 108ಕ್ಕೆ ಫೋನ್ ಮಾಡಿದ್ವಿ. ಆಸ್ಪತ್ರೆಗೆ ಹೋದ 10 ನಿಮಿಷದೊಳಗೇ ಇಸಿಜಿ ತೆಗೆದ್ರು, ನಾರ್ಮಲ್ ಬಂತು, ನಾವು ಮನೆಗೆ ಹೊರಟೇಬಿಟ್ಟಿದ್ವಿ! ಡಾಕ್ಟ್ರು ಬಿಡ್ಲಿಲ್ಲ. ಮೊದಲ ಇಸಿಜಿ ಸರಿ ಇದ್ರೂ ಅಟ್ಯಾಕ್ ಆಗಿರಬಹುದಂತೆ, ಹಾರ್ಟಿನ ಸ್ನಾಯುಗೆ ಪೆಟ್ಟಾದ್ರೆ ರಕ್ತದಾಗೆ ಟ್ರೋಪೋನಿನ್ ಅನ್ನೋ ಪ್ರೋಟೀನು ಏರುತ್ತೆ ಆದ್ರೆ ಏರಾಕೆ ಕೆಲವು ತಾಸು ಬೇಕು, ಅದಕ್ಕೇ 3 ತಾಸು ಬಿಟ್ಟು ಮತ್ತೆ ರಕ್ತ ತಗಂಡ್ರು, ಎರಡನೇದ್ರಾಗೆ ಏರಿತ್ತು. ಸ್ಟೆಂಟ್ ಹಾಕ್ಯಾರೆ, ಈಗ ಪರ್ವಾಗಿಲ್ಲ. ಶುಗರ್ ಇರೋರಿಗೆ, ಹೆಂಗಸ್ರಿಗೆ ಕೆಲವೊಮ್ಮೆ ನೋವೇ ಇಲ್ದೆ ಬರೀ ಸುಸ್ತು, ಏದುಸಿರು ಬರುತ್ತಂತೆ, ಅದೂ ಗಮನದಾಗಿರ್ಲಿ. ನೋಡಾಕೆ ಬರೋರು ಸಂಜೆ 4ರ ಮೇಲೆ ಬರ್ರಿ, ಸ್ವೀಟು ತರಬೇಡ್ರಿ, ಮಾವಂಗೂ ಶುಗರ್ ಐತಿ.