ಮಿದುಳಿನ ಅಲೆಗಳ ಬಗ್ಗೆ ಅಪ್ಪನಿಗೆ ಬರೆದ ಪತ್ರ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಜರ್ಮನಿಯಲ್ಲಿ ನಾನು ಕ್ಷೇಮವಾಗಿದ್ದೇನೆ. ಅಲ್ಲಿ ನೀವು, ಅಮ್ಮ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ತಮ್ಮನ ಪರೀಕ್ಷೆಗೆ ಅನುಕೂಲವಾಗುತ್ತದೆಂದು ಯಾರೋ ಹೇಳಿದ ‘ಆಲ್ಫಾ ಅಲೆ’ಗಳ ಧ್ವನಿಮುದ್ರಿಕೆಯನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ಕೆಲಸ ಮಾಡುವುದೇ ನಿದ್ರೆಯ ಪ್ರಯೋಗಾಲಯದಲ್ಲಾದ್ದರಿಂದ, ಫೋನಿನಲ್ಲಿ ಬೇಡವೆಂದು ಒಂದೇ ಮಾತಿನಲ್ಲಿ ಮುಗಿಸದೆ, ಈ ಅಲೆಗಳು ಏನೆಂಬುದನ್ನು ವಿವರವಾಗಿ ಬರೆಯುವುದೇ ಸರಿಯೆನ್ನಿಸಿತು.

ಮಿದುಳಿನ ಹೊರಪದರದ ನರಕೋಶಗಳು ಒಂದರಿಂದೊಂದು ಸಂಕೇತ ಪಡೆಯುವಾಗ ಅವುಗಳಲ್ಲಿ ಅತಿ ಸಣ್ಣ ವಿದ್ಯುತ್ ಏರಿಳಿತ ಉಂಟಾಗುತ್ತದೆ. ಒಂದೆರಡು ಕೋಶಗಳದ್ದು ತಲೆಯ ಹೊರಗೆ ಗೊತ್ತಾಗುವಂಥದ್ದಲ್ಲ. ದೊಡ್ಡ ಸಭೆಯ ಹೊರಗೆ ನಿಂತವನಿಗೆ ಒಳಗಿನ ಒಬ್ಬೊಬ್ಬರ ಮಾತು ಕೇಳಿಸದಿದ್ದರೂ ಎಲ್ಲರೂ ಒಟ್ಟಾಗಿ ತಟ್ಟಿದ ಚಪ್ಪಾಳೆ ಕೇಳಿಸುವಂತೆ, ಒಂದೇ ದಿಕ್ಕಿಗೆ ಸಾಲಾಗಿ ನಿಂತ ಅಸಂಖ್ಯ ಕೋಶಗಳು ಏಕಕಾಲಕ್ಕೆ ಏರಿ ಇಳಿದಾಗ ಮಾತ್ರ ಅದರ ಸುಳಿವು ತಲೆಬುರುಡೆಯನ್ನು ದಾಟಿ ಚರ್ಮದವರೆಗೆ ಬರುತ್ತದೆ. ಹೃದಯದ ಇಸಿಜಿಯಲ್ಲಿ ಕಾಣುವುದು ಸುಮಾರು 1 ಮಿಲಿವೋಲ್ಟ್. ತಲೆಯ ಚರ್ಮದ ಮೇಲಿಂದ ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿಯಲ್ಲಿ ನಾವು ಹಿಡಿಯುವುದು ಹೆಚ್ಚಾಗಿ ಹತ್ತಾರು ಮೈಕ್ರೋವೋಲ್ಟ್ ಮಾತ್ರ; ಮೈಕ್ರೋವೋಲ್ಟ್ ಎಂದರೆ ಮಿಲಿವೋಲ್ಟಿನ ಸಾವಿರದಲ್ಲೊಂದು ಪಾಲು. ಯಂತ್ರ ತಲೆಯೊಳಗೆ ಕರೆಂಟು ಹರಿಸುತ್ತದೆಯೇ ಎಂದು ಅಮ್ಮ ಕೇಳಿದ್ದರಲ್ಲವೇ? ಇಲ್ಲವೆಂದು ಅವರಿಗೆ ಹೇಳಿ. ಅದು ಒಳಗಿನಿಂದ ಬಂದದ್ದನ್ನು ದೊಡ್ಡದು ಮಾಡಿ ಬರೆದಿಡುತ್ತದೆ, ಅಷ್ಟೆ.

ಮನುಷ್ಯನ ಮಿದುಳಿನಿಂದ ಇದನ್ನು ಮೊದಲು ದಾಖಲಿಸಿದವರು ಇದೇ ದೇಶದ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ತರುಣನಾಗಿ ಸೈನ್ಯದಲ್ಲಿದ್ದಾಗ ಅವರು ಕುದುರೆಯಿಂದ ಬಿದ್ದು ಕೂದಲೆಳೆಯ ಅಂತರದಲ್ಲಿ ಪಾರಾದ ದಿನವೇ, ದೂರದ ಊರಿನಲ್ಲಿದ್ದ ಅವರ ಅಕ್ಕನಿಗೆ ಕಾರಣವಿಲ್ಲದೆ ದಿಗಿಲಾಗಿ, ಕ್ಷೇಮ ವಿಚಾರಿಸಿ ತಂದೆಯಿಂದ ತಂತಿ (ಟೆಲಿಗ್ರಾಂ) ಬಂದಿತಂತೆ. ಮನಸ್ಸಿನ ಶಕ್ತಿಗೆ ಭೌತಿಕ ಆಧಾರ ಹುಡುಕಬೇಕೆಂಬ ಅವರ ಹಂಬಲ ಅಲ್ಲಿಂದ ಶುರುವಾಯಿತು. 1924ರಲ್ಲಿ ಮೊದಲ ದಾಖಲೆ ಸಿಕ್ಕಿದರೂ, ಅದು ಯಂತ್ರದ ದೋಷವಲ್ಲವೆಂದು ಮನದಟ್ಟಾಗುವವರೆಗೆ ಮತ್ತೆ ಮತ್ತೆ ಪರೀಕ್ಷಿಸಿ, 1929ರಲ್ಲಷ್ಟೇ ಪ್ರಕಟಿಸಿದರು. ಆ ತಾಳ್ಮೆಯನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ. ಮನಸ್ಸಿನಿಂದ ಮನಸ್ಸಿಗೆ ದೂರದಿಂದಲೇ ಸುದ್ದಿ ತಲುಪುತ್ತದೆಂಬ ದೂರಸಂವೇದನೆಗೆ (ಟೆಲಿಪತಿಗೆ) ಪುರಾವೆಯೇನೂ ಅವರಿಗೆ ದೊರೆಯಲಿಲ್ಲ. ಆದರೆ ಆಲ್ಫಾ, ಬೀಟಾ ಎಂಬ ಹೆಸರುಗಳು ಅವರಿಂದಲೇ ಬಂದವು.

ಆಲ್ಫಾ ಎಂದರೆ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಅಲೆ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪಿನಿಂದ ಅಳೆದು, ಗುರುತು ಮಾಡಿದ ಜಾಗಗಳಲ್ಲಿ ಕೂದಲನ್ನು ಬಿಡಿಸಿ, ಅಂಟಿನಂಥ ಪೇಸ್ಟ್ ಹಚ್ಚಿ ಎಲೆಕ್ಟ್ರೋಡುಗಳನ್ನು ಕೂರಿಸಿದ ಮೇಲೆ, ನಾವು ಮೊದಲು ಹೇಳುವ ಮಾತು ‘ಕಣ್ಣು ಮುಚ್ಚಿ’ ಎಂದು. ಒಂದೆರಡು ಸೆಕೆಂಡಿನೊಳಗೆ ಹಿಂದಲೆಯ ಗೆರೆಗಳಲ್ಲಿ ಒಂದೇ ಸಮನಾದ ಅಲೆಗಳು ಎದ್ದು ನಿಲ್ಲುತ್ತವೆ. ಕಣ್ಣು ತೆರೆದೊಡನೆ ಅಡಗಿಬಿಡುತ್ತವೆ. ಎಷ್ಟು ಬಾರಿ ನೋಡಿದರೂ ನನಗೆ ಇದು ಬೇಸರ ತರಿಸಿಲ್ಲ.

ಆಲ್ಫಾ ಎಂದರೆ ಏಕಾಗ್ರತೆ ಎಂದು ಮಾರುವವರು ಮುಚ್ಚಿಡುವ ಸಂಗತಿ ಇದೇ. ನೋಡುವ ಕೆಲಸ ನಡೆಯುತ್ತಿರುವ ಭಾಗದಲ್ಲಿ ಆಲ್ಫಾ ಕುಗ್ಗುತ್ತದೆ, ಆ ಕ್ಷಣಕ್ಕೆ ಬೇಡವಾದ ಭಾಗದಲ್ಲಿ ಹಿಗ್ಗುತ್ತದೆ. ಎಡಗಡೆಯ ವಸ್ತುವಿನ ಮೇಲೆ ಗಮನವಿಟ್ಟವನ ಮಿದುಳಿನ ಎಡ ಅರ್ಧದಲ್ಲಿ, ಅಂದರೆ ಬಲಗಡೆಯ ನೋಟವನ್ನು ಸಂಭಾಳಿಸುವ ಅರ್ಧದಲ್ಲಿ, ಆಲ್ಫಾ ಹೆಚ್ಚು ಕಾಣುತ್ತದೆ. ಬೇಡದ್ದನ್ನು ತಡೆದಿಡುವುದು ಅದರ ಕೆಲಸವೆಂದು ಈಗ ಬಹುಮಂದಿ ತಜ್ಞರು ತಿಳಿಯುತ್ತಾರೆ. ಹಾಗಿರುವಾಗ ಓದಲು ಕುಳಿತ ಹುಡುಗನ ತಲೆಯ ತುಂಬ ಆಲ್ಫಾ ಎಬ್ಬಿಸಿ ಪ್ರಯೋಜನವೇನು? ಆಲ್ಫಾ ಸರಿಯಾಗಿ ಕಾಣಿಸದ ಆರೋಗ್ಯವಂತರೂ ಎಷ್ಟೋ ಜನರಿದ್ದಾರೆ.

ತೀಟಾದ ವಿಷಯ ಇನ್ನೂ ಸೂಕ್ಷ್ಮ. ಸೆಕೆಂಡಿಗೆ 4ರಿಂದ 8ರ ಈ ಅಲೆ ತೂಕಡಿಕೆಯ ಗುರುತೆಂಬುದು ನಿಜ. ನಿದ್ರೆಗೆ ಜಾರುವವರಲ್ಲಿ ಆಲ್ಫಾ ಚದುರಿ ತೀಟಾ ಬರುತ್ತದೆ. ಆದರೆ ಅದೇ ಮನುಷ್ಯ ಎಚ್ಚರದಲ್ಲಿ ಬಾಯಿಲೆಕ್ಕ ಮಾಡುವಾಗ, ಒಂದಷ್ಟು ಅಂಕಿಗಳನ್ನು ನೆನಪಿನಲ್ಲಿ ಹಿಡಿದುಕೊಳ್ಳುವಾಗ, ಹಣೆಯ ಹಿಂಬದಿಯ ನಡುಭಾಗದಲ್ಲಿ ತೀಟಾವೇ ಬಲಗೊಳ್ಳುತ್ತದೆ. ಅಲೆ ಯಾವುದೆನ್ನುವುದರ ಜೊತೆಗೆ ಅದು ಎಲ್ಲಿ, ಯಾವ ಹೊತ್ತಿನಲ್ಲಿ ಎದ್ದಿತು ಎಂಬುದನ್ನೂ ನೋಡದೆ ಅರ್ಥ ಹೇಳಲಾಗದು.

ಬೀಟಾ 13ರಿಂದ 30ರವರೆಗಿನ ವೇಗದ್ದು. ಬೆರಳಾಡಿಸುವ ಮೊದಲು ಚಲನೆಯ ಭಾಗದಲ್ಲಿ ಅದು ತಗ್ಗಿ, ಆಡಿಸಿ ನಿಲ್ಲಿಸಿದ ಮೇಲೆ ಮತ್ತೆ ಏರುತ್ತದೆ. ಪಾರ್ಕಿನ್ಸನ್ ಕಾಯಿಲೆಯವರ ಮಿದುಳಿನ ಆಳದಲ್ಲಿ ಅದು ಅತಿಯಾಗಿರುತ್ತದೆ. ಅದಕ್ಕೂ ಮೇಲಿನದು ಗಾಮಾ. ನೋಟ, ಗಮನ, ಗ್ರಹಿಕೆಗಳಲ್ಲಿ ಅದರ ಪಾತ್ರ ದೊಡ್ಡದೆಂದು ಹೇಳುತ್ತಾರಾದರೂ, ಹಲ್ಲು ಕಚ್ಚಿದಾಗ ಸ್ನಾಯುಗಳಿಂದ ಬರುವ ವಿದ್ಯುತ್ತೂ ಇದೇ ವೇಗದಲ್ಲಿರುವುದರಿಂದ, ತಲೆಯ ಮೇಲಿಂದ ಅಳೆದ ಗಾಮಾವನ್ನು ನಾನು ಸುಲಭವಾಗಿ ನಂಬುವುದಿಲ್ಲ.

ತಮ್ಮನಿಗೆ ನಿಜವಾಗಿ ಬೇಕಾದದ್ದು ಡೆಲ್ಟಾದಲ್ಲಿದೆ. ಸೆಕೆಂಡಿಗೆ 4ಕ್ಕಿಂತ ಕಡಿಮೆಯಿರುವ ಈ ದೊಡ್ಡ, ನಿಧಾನದ ಅಲೆ ಎಚ್ಚರವಿರುವ ವಯಸ್ಕನ ತಲೆಯ ಒಂದೇ ಕಡೆ ಕಂಡರೆ ವೈದ್ಯರು ಎಚ್ಚರಗೊಳ್ಳಬೇಕು. ಬ್ರಿಟನ್ನಿನ ಮಿದುಳುವಿಜ್ಞಾನಿ ಗ್ರೇ ವಾಲ್ಟರ್ 1936ರಲ್ಲಿ ಮಿದುಳಿನ ಗಡ್ಡೆಗಳ ಜಾಗವನ್ನು ಇಂಥ ಅಲೆಗಳಿಂದಲೇ ಗುರುತಿಸಿದ್ದರು. ಗಾಢನಿದ್ರೆಯಲ್ಲಾದರೋ ಅದು ಇರಲೇಬೇಕಾದದ್ದು. ಆ ನಿಧಾನದ ಅಲೆಗಳ ಏರಿನ ಮೇಲೆ, ಅರ್ಧ ಸೆಕೆಂಡಿನಿಂದ ಒಂದೆರಡು ಸೆಕೆಂಡು ಮಾತ್ರ ಬಾಳುವ, ಕದಿರಿನಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣದಾಗುವ ‘ಸ್ಪಿಂಡಲ್’ ಎಂಬ ವೇಗದ ಅಲೆಗಳ ಗೊಂಚಲುಗಳು ಕೂರುತ್ತವೆ. ಹಗಲು ಕಲಿತದ್ದನ್ನು ಮಿದುಳಿನ ಒಳಗಿನ ನೆನಪಿನ ಭಾಗವಾದ ಹಿಪ್ಪೊಕ್ಯಾಂಪಸ್ ಮತ್ತೆ ಮೆಲುಕು ಹಾಕಿ ಹೊರಪದರಕ್ಕೆ ದಾಟಿಸುವುದು ಈ ಹೊಂದಾಣಿಕೆಯ ಹೊತ್ತಿನಲ್ಲೇ ಎಂಬುದಕ್ಕೆ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಬಲವಾದ ಆಧಾರಗಳಿವೆ. ಗಾಢನಿದ್ರೆ ರಾತ್ರಿಯ ಮೊದಲ ಪಾಲಿನಲ್ಲಿ ಹೆಚ್ಚು. ಕನಸಿನ ನಿದ್ರೆ ಬೆಳಗಿನ ಜಾವದಲ್ಲಿ ಹೆಚ್ಚು. ಆದ್ದರಿಂದ ನಿದ್ದೆಗೆಟ್ಟು ಓದುವವನು ಯಾವ ತುದಿಯನ್ನು ಕತ್ತರಿಸಿದರೂ ನಷ್ಟವೇ.

ಆ ಧ್ವನಿಮುದ್ರಿಕೆಯ ಉಪಾಯವನ್ನೂ ಹೇಳಿಬಿಡುತ್ತೇನೆ. ಒಂದು ಕಿವಿಗೆ 200 ಹರ್ಟ್ಸ್ (ಸೆಕೆಂಡಿಗೆ 200 ಕಂಪನ), ಇನ್ನೊಂದಕ್ಕೆ 210 ಹರ್ಟ್ಸ್ ನಾದ ಕೇಳಿಸಿದರೆ, ಸೆಕೆಂಡಿಗೆ 10 ಬಾರಿ ಮಿಡಿಯುವ ಸದ್ದು ಕೇಳಿದಂತಾಗುತ್ತದೆ. ಆ ಭ್ರಮೆ ನಿಜವಾದದ್ದೇ. ಮಿದುಳಿನ ಅಲೆಗಳೂ ಅದರ ಹಿಂದೆ ಹೋಗಿ ನೆನಪು ಹೆಚ್ಚುತ್ತದೆಂಬ ಮಾತಿಗೆ ಮಾತ್ರ ಪ್ರಯೋಗಗಳು ಒಂದಕ್ಕೊಂದು ಹೊಂದದ ಉತ್ತರ ಕೊಟ್ಟಿವೆ. ಇಂಪೆನ್ನಿಸಿದರೆ ಕೇಳಲಿ, ದುಡ್ಡು ಕೊಟ್ಟು ಕೊಳ್ಳುವುದು ಬೇಡ. ಪರೀಕ್ಷೆ ಮುಗಿಯುವವರೆಗೆ ಅವನನ್ನು ದಿನವೂ ಒಂದೇ ಹೊತ್ತಿಗೆ ಮಲಗಿಸುವ ಹೊಣೆ ನೀವೇ ವಹಿಸಿಕೊಳ್ಳಿ, ಅಪ್ಪ. ನಿಮ್ಮ ಮಾತನ್ನು ಅವನು ಮೀರುವುದಿಲ್ಲ. ಒಪ್ಪದಿದ್ದರೆ ನನಗೆ ಬರೆಯಲು ಹೇಳಿ. ನನ್ನದೇ ನಿದ್ರೆಯ ದಾಖಲೆಯೊಂದರಲ್ಲಿ ಸ್ಪಿಂಡಲ್‌ಗಳನ್ನು ಗುರುತು ಮಾಡಿ ಅವನಿಗೆ ಕಳಿಸುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇಂತಿ,
ನಿಮ್ಮ ಪ್ರೀತಿಯ ಮಗಳು